ಎಂಟೂವರೆಯ ನೀರು

ಹೆಂಡತಿಯಿಲ್ಲದ ಹೂವಪ್ಪ ಮಗಳ ಹೆರಿಗೆಗೆಂದು
ಶಿಕಾರಿಪುರಕ್ಕೆ ಹೋದ, ಏಳು ದಿನ ರಜೆ ಹಾಕಿ.
ಬೀಗದ ಕೈ, ಗಾಜಿನ ಅಳತೆ ಲೋಟ, ನೀಲಿ ರಟ್ಟಿನ ರಿಜಿಸ್ಟರು
ನನ್ನ ಕೈಗಿಟ್ಟು, ಬಿಸಿಯೂಟದ ಹಬೆಯಲ್ಲಿ ನಿಂತು ಹೇಳಿದ:
ಬೆಳಿಗ್ಗೆ ಎಂಟೂವರೆ. ಆಚೀಚೆ ಆಗಬಾರದು.
ಲೋಟ ಎತ್ತಿ ಕಣ್ಣಿಗೆ ಸಮ ಹಿಡಿ.
ಅಂಚಿನ ನೀರು ಗಾಜಿಗಂಟಿ ಮೇಲೆ ಹತ್ತುತ್ತದೆ, ಅದನ್ನು ನಂಬಬೇಡ.
ನಡುವೆ ಹೊಟ್ಟೆ ಇಳಿಬಿಟ್ಟಿರುತ್ತದಲ್ಲ,
ಅಲ್ಲಿ ಓದು.

ಸ್ವಾತಿ ಮುಗಿದು ವಿಶಾಖೆ ಕಾಲಿಟ್ಟ ವಾರ.
ಸೋಮವಾರ ಕಾವಳ. ಶಾಲೆಯ ಬಾವುಟದ ಕಂಬ
ಅರ್ಧಕ್ಕೇ ಮುಗಿದಿತ್ತು.
ಕೊಡಚಾದ್ರಿ ಇರಬೇಕಾದ ಕಡೆ ಬರೀ ಹಾಲು.
ತಂತಿಬೇಲಿಯೊಳಗೆ ಆ ಮಳೆಡಬ್ಬಿ,
ದೇವರು ಇನ್ನೂ ಬಂದಿರದ ಗುಡಿಯ ಹಾಗೆ.
ಬಾಟ್ಲಿ ಬಗ್ಗಿಸಿದೆ. ಒಂದೇ ಹನಿ,
ಬೀಳಲೋ ಬೇಡವೋ ಎಂದು ಬಾಯಲ್ಲೇ ನಿಂತಿತು.
ಇದು ಮಳೆಯೋ ಇಬ್ಬನಿಯೋ?
ಫೋನು ಮಾಡಿದರೆ ಹೂವಪ್ಪ, "ಲೇಶ ಅಂತ ಬರಿ" ಅಂದ.
ಇಪ್ಪತ್ತು ವರ್ಷ ಸಾರಿಗೆ ಉಪ್ಪು ಹಾಕುತ್ತ
ಕೊನೆಗೆ ರುಚಿ ನೋಡಿ ಮತ್ತೆ ಉದುರಿಸುತ್ತಿದ್ದೆನಲ್ಲ,
ಅದರ ಹೆಸರು ಇದು.

ಮಂಗಳವಾರವೂ ಲೇಶ.
ಬುಧವಾರ ಸೊನ್ನೆ, ಬಿಸಿಲು ತೊಳೆದಿಟ್ಟ ಹಿತ್ತಾಳೆ.
ನುಸಿ ಓಡಲೆಂದು ಶಾಲೆಯ ಅಕ್ಕಿ ಅಂಗಳಕ್ಕೆ ಹರವಿದೆ.
ಸೊರಬದ ಕಡೆಯ ಗುತ್ಯಮ್ಮ ಕೊಯಿಲಿಗೆ ಇಳಿದಳು,
ಮೊಣಕೈತನಕ ಗಂಡನ ಹಳೇ ಕಾಲುಚೀಲ ತೊಟ್ಟು.
"ನಿನ್ನ ಡಬ್ಬಿ ಏನನ್ನುತ್ತದೆ?" ಬೇಲಿಯಾಚೆಯಿಂದ ಕೂಗಿದಳು.
ಅದಕ್ಕೆ ನಿನ್ನೆಯದಷ್ಟೇ ಗೊತ್ತು, ನಾಳೆಯದಲ್ಲ, ಎಂದೆ.
"ಹಾಗಾದರೆ ನಮ್ಮತ್ತೆಯ ಹಾಗೆ."
ನಕ್ಕು ಬಗ್ಗಿದಳು. ಸಂಜೆಯೊಳಗೆ ಎರಡು ಗದ್ದೆ ಮಲಗಿತ್ತು.

ಕಡಲಲ್ಲಿ ಏನೋ ತಿರುಗುತ್ತಿದೆಯೆಂದು ಡೇರಿಯಲ್ಲಿ ಮಾತು.
ಗುರುವಾರ ಗಂಗೊಳ್ಳಿಯ ಮೀನಿನ ಗಾಡಿ ಘಟ್ಟ ಹತ್ತಲಿಲ್ಲ.
ನಮಗೆ ಅದೇ ಹವಾಮಾನ ಇಲಾಖೆ.

ರಾತ್ರಿ ಶುರುವಾಯಿತು.
ಆಷಾಢದ ಮಳೆಗೊಂದು ಮರ್ಯಾದೆಯಿದೆ,
ಹೇಳಿ ಬರುತ್ತದೆ, ಕಂಬಳಿಕೊಪ್ಪೆ ಮೊಳೆಯಿಂದ ಇಳಿದಿರುತ್ತದೆ.
ಇದು ಎಲೆ ಎತ್ತಿ, ಗೋಮಯ ಹಚ್ಚಿದ ಮೇಲೆ
ಬರುವ ನೆಂಟ.
ಬಂದವನು ಕೂತೇಬಿಟ್ಟ.

ಶುಕ್ರವಾರ, ಕೊಡೆಯನ್ನು ಕುತ್ತಿಗೆಗೆ ಸಿಕ್ಕಿಸಿಕೊಂಡು
ಲೋಟ ತುಂಬಿದೆ, ಚೆಲ್ಲಿದೆ, ತುಂಬಿದೆ, ಚೆಲ್ಲಿದೆ.
ಇಪ್ಪತ್ತರದು ಮೂರು. ಮೇಲೆ ನಾಲ್ಕು ಗೆರೆ. ಅದರ ಮೇಲೆ
ಇನ್ನೂ ಏನೋ.
ಬೇಲಿಯಾಚೆ ಗುತ್ಯಮ್ಮ, ತಲೆಗೆ ಗೊಬ್ಬರದ ಚೀಲ.
ಅವಳ ಬೆನ್ನ ಹಿಂದೆ ಕೊಯ್ದು ಮಲಗಿಸಿದ ಪೈರು
ತೇಲಲೂ ಬಾರದೆ ಮುಳುಗಲೂ ಬಾರದೆ.
"ಅರವತ್ತೈದು ಆದರೆ ಕಾಗದ ಮುಂದೆ ಹೋಗುತ್ತದಂತೆ."
ಬೇಡಲಿಲ್ಲ.
ಗಂಟೆಯೆಷ್ಟೆಂದು ಕೇಳುವ ದನಿಯಲ್ಲೇ ಅಂದಳು.

ಲೋಟ ಎತ್ತಿ ಕಣ್ಣಿಗೆ ಸಮ ಹಿಡಿದೆ.
ಅಂಚಿಗೆ ಹತ್ತಿದ ನೀರು ಐದರ ಗೆರೆ ಮುಟ್ಟಿತ್ತು.
ನಡುವಿನದು ಕೆಳಗೆ,
ಒಂದು ನುಚ್ಚಿನಷ್ಟು ಕೆಳಗೆ.
ಕೈ ನಡುಗಿತು. ನೀರು ಎರಡೂ ಕಡೆ ಹೋಗಿ ಬಂತು.
ಕೊಡೆಯ ಕಡ್ಡಿಯ ತುದಿಯಲ್ಲೊಂದು ಹನಿ
ಸರಿಯಾಗಿ ಲೋಟದ ಬಾಯಿಯ ಮೇಲೆ
ದಪ್ಪವಾಗುತ್ತಿತ್ತು.

ಏನು ಬರೆದೆನೆಂಬುದು ರಿಜಿಸ್ಟರಿನಲ್ಲಿದೆ,
ಥಂಡಿಗೆ ಇಂಕು ಚೂರು ಹರಡಿದೆ.
ಕೊಡೆಯನ್ನು ನಾನು ಸರಿಸಲಿಲ್ಲ,
ಅಷ್ಟು ಹೇಳಬಲ್ಲೆ.

ಶನಿವಾರ ಶಾಲೆಗೆ ಹನ್ನೊಂದೇ ಮಕ್ಕಳು.
ಜಗಲಿಯ ತುಂಬ ಗುತ್ಯಮ್ಮನ ಭತ್ತ,
ಮಗ್ಗಿ ಹೇಳುತ್ತಲೇ ಮಕ್ಕಳು ಕಾಲಲ್ಲಿ ಕೆದರಿದರು.
ಒಂದು ತೆನೆ ತಂದು ತೋರಿಸಿದಳು,
ಕಾಳಿನ ತುದಿಗೆಲ್ಲ ಬಿಳಿ ಮೊಳಕೆ,
ಎಳೆಗೂಸಿನ ಹಲ್ಲು.
ಭಾನುವಾರ ಶಾಲೆಗೆ ರಜೆ, ಡಬ್ಬಿಗಿಲ್ಲ.
ಹೋದೆ. ಕೊಳವೆಬಾಯಿಯಲ್ಲಿ ಮರಗಪ್ಪೆಯೊಂದು ಕೂತು
ಎಂಟೂವರೆಗೆ ನನಗಿಂತ ಮೊದಲೇ ಬಂದಿತ್ತು.

ಹೂವಪ್ಪ ಬಂದ. ಪುಟದ ಮೇಲೆ ಬೆರಳಿಟ್ಟು ಇಳಿದ,
ಶುಕ್ರವಾರದಲ್ಲಿ ನಿಂತ.
"ಹೊಟ್ಟೆ ನೋಡಿದೆಯಾ?"
ನೋಡಿದೆ, ಎಂದೆ.
ರಿಜಿಸ್ಟರು ಮುಚ್ಚಿ ರಬ್ಬರ್ ಬ್ಯಾಂಡು ಹಾಕಿದ.
ಮಗು ಎಷ್ಟು ತೂಕ, ಕೇಳಿದೆ.
"ಎರಡೂವರೆ ಕೇಜಿ," ಎಂದ,
"ಮೇಲೊಂದು ಲೇಶ."